ಹಿಂಡುವವರು, ಹರವುವವರು

ನೋಟಿಸಿನ ಗೋಂದು ಆರುವ ಮೊದಲೇ ಲಾಂಡ್ರಿಯಲ್ಲಿ ಒಬ್ಬರ ಮುಖ ಒಬ್ಬರು ನೇರವಾಗಿ ನೋಡುವುದು ನಿಂತುಹೋಯಿತು.

ಆಸ್ಪತ್ರೆಗಳ ಹಾಸು, ಹೋಟೆಲುಗಳ ಹೊದಿಕೆ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ, ಹೀಗೆ ಊರವರ ಕೊಳೆಯೆಲ್ಲ ಬಂದು ಬೀಳುವ ದೊಡ್ಡ ಲಾಂಡ್ರಿ ಅದು. ಅಲ್ಲಿನ ಗೋಡೆಗಳಿಗೂ ಕೆಲಸಗಾರರ ಹಾಗೆ ಸದಾ ಬೆವರು. ಕೈತೊಳೆಯುವ ತೊಟ್ಟಿಯ ಪಕ್ಕದ ಗೋಡೆಗೆ ಸೂಪರ್‌ವೈಸರ್ ಶುಕ್ರವಾರ ತನ್ನ ಕೈಯಾರೆ ಅಂಟಿಸಿ ಹೋದ ಕಾಗದದಲ್ಲಿ ಇದ್ದದ್ದು ಇಷ್ಟೇ:

“ಕೆಲವರು ಕೆಲಸಕ್ಕೆ ಅಡ್ಡಿ ತರುವ ಮಾತುಕತೆಯಲ್ಲಿ ತೊಡಗಿರುವುದು ಆಡಳಿತದ ಗಮನಕ್ಕೆ ಬಂದಿದೆ. ಗಮನಕ್ಕೆ ತಂದವರ ನಿಷ್ಠೆಯನ್ನು ಆಡಳಿತ ಮರೆಯುವುದಿಲ್ಲ. ಉಳಿದವರು ತಮ್ಮ ಹಿತವನ್ನು ತಾವೇ ಅರಿತು ನಡೆಯತಕ್ಕದ್ದು.”

ಕುಂಬಳಕಾಯಿ ಕಳ್ಳ ಎಂದಾಗ ತನ್ನ ಹೆಗಲು ತಾನೇ ಮುಟ್ಟಿ ನೋಡಿಕೊಂಡವನ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಪ್ರತಿಯೊಬ್ಬರೂ ಪಕ್ಕದವರ ಹೆಗಲು ಮುಟ್ಟಿ ನೋಡತೊಡಗಿದರು.

ಎಲ್ಲರಿಗಿಂತ ಹೆಚ್ಚು ಹೊತ್ತು ಆ ಕಾಗದದ ಮುಂದೆ ನಿಂತವಳು ಇಸ್ತ್ರಿ ರೋಲರಿನ ಹೆಂಗಸು. ಅವಳಿಗೆ ಪ್ರಶ್ನಕ್ಕ ಎಂದೇ ಹೆಸರು. ಸಂಬಳದ ದಿನವಾಗಲಿ ಸಾವಿನ ಮನೆಯಾಗಲಿ, ಯಾರು, ಯಾಕೆ, ಯಾರಿಗೋಸ್ಕರ ಎಂದು ಕೇಳದೆ ಅವಳಿಗೆ ನೀರು ಇಳಿಯುತ್ತಿರಲಿಲ್ಲ. ಮದುವೆಯ ದಿನ ಗಂಡನನ್ನೂ “ನಿಜವಾಗಿ ನೀನೇ ಒಪ್ಪಿದ್ಯಾ, ಯಾರಾದ್ರೂ ಒಪ್ಪಿಸಿದ್ರಾ?” ಎಂದು ಕೇಳಿದ್ದಳಂತೆ. ಪಾಪ, ಆತ ಇನ್ನೂ ಉತ್ತರ ಹುಡುಕುತ್ತಾ ಲಾಂಡ್ರಿಯ ವ್ಯಾನ್ ಓಡಿಸುತ್ತಿದ್ದಾನೆ.

ಅವಳು ಅಷ್ಟು ಹೊತ್ತು ನಿಂತದ್ದಕ್ಕೆ ಕಾರಣವಿತ್ತು. ರೋಲರ್ ಎಂದರೆ ಉಗಿ ತುಂಬಿದ, ಆಳಿಗಿಂತ ಉದ್ದದ ಉಕ್ಕಿನ ಉರುಳೆಗಳು. ಇತ್ತಲಿಂದ ಒದ್ದೆ ಹಾಸಿನ ಅಂಚು ಕೊಟ್ಟರೆ ಅತ್ತಲಿಂದ ಗರಿಗರಿಯಾಗಿ ಬರುತ್ತದೆ. ಅಂಚಿನ ಜೊತೆ ಬೆರಳೂ ಒಳಗೆ ಹೋಗದಿರಲೆಂದು ಅದರ ಬಾಯಿಗೆ ಒಂದು ತಡೆಪಟ್ಟಿ ಇತ್ತು; ಬೆರಳು ತಾಗಿದರೆ ಯಂತ್ರ ನಿಲ್ಲುತ್ತಿತ್ತು. ದಪ್ಪ ಹೊದಿಕೆ ತಾಗಿದರೂ ನಿಲ್ಲುತ್ತಿತ್ತು. ಹೀಗೆ ಪದೇ ಪದೇ ನಿಂತರೆ ಆಸ್ಪತ್ರೆಗೆ ಹಾಸು ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲವೆಂದು ಆಡಳಿತದವರು ಪಟ್ಟಿ ಬಿಚ್ಚಿಸಿದರು. ಹಾಸು ಹೊತ್ತಿಗೆ ಸರಿಯಾಗಿ ಹೋಯಿತು. ಹಾಡಕ್ಕನೂ ಹೋದಳು, ಅದೇ ಆಸ್ಪತ್ರೆಗೆ.

ಹಾಡಕ್ಕ ಪ್ರಶ್ನಕ್ಕನ ಜೋಡಿ. ಒಂದೇ ಹಾಸಿನ ಎರಡು ತುದಿ ಹಿಡಿದವರು. ಹಾಡುತ್ತಾ ಅಂಚು ಕೊಡುತ್ತಿದ್ದವಳ ಬಲಗೈ ಹಾಸಿನ ಜೊತೆ ಒಳಗೆ ಹೋದಾಗ ಹಾಡು ನಿಂತ ಬಗೆಯನ್ನು ಪ್ರಶ್ನಕ್ಕ ಯಾರಿಗೂ ಹೇಳಿಲ್ಲ. ಈಗ ಆಕೆ ಮನೆಯಲ್ಲಿ ಮಲಗಿದ್ದಾಳೆ. ಚಿಕಿತ್ಸೆಯ ಖರ್ಚೆಲ್ಲ ನಮ್ಮದು ಎಂದು ಆಡಳಿತ ಧಾರಾಳವಾಗಿ ಹೇಳಿ, ಬಾಲಕ್ಕೆ ಒಂದು ಷರತ್ತು ಕಟ್ಟಿತು: ಲಾಂಡ್ರಿಯವರು ಯಾರೂ ಆಕೆಯ ಹೊಸಿಲು ದಾಟಕೂಡದು, ದಾಟಿದರೆ ಔಷಧಿ ಬಂದ್.

ಪಟ್ಟಿ ಮಾತ್ರ ಇನ್ನೂ ಮೂಲೆಯಲ್ಲೇ ಬಿದ್ದಿತ್ತು. ಅದನ್ನು ಮತ್ತೆ ಹಾಕಿಸಲೆಂದೇ ಓದಿನ ಕೂಟದವರು ಒಂದು ಗುಟ್ಟು ಮಾಡಿಕೊಂಡಿದ್ದರು. ಸೋಮವಾರ ದೊಡ್ಡ ಆಸ್ಪತ್ರೆಯ ಯಜಮಾನರು ಲಾಂಡ್ರಿ ನೋಡಲು ಬರುತ್ತಾರೆ. ಅವರು ರೋಲರಿನ ಮುಂದೆ ನಿಂತ ಹೊತ್ತಿಗೆ ಸರಿಯಾಗಿ ಎಲ್ಲರೂ ಕೈ ಕಟ್ಟಬೇಕು, ಯಂತ್ರ ನಿಲ್ಲಬೇಕು, ಪಟ್ಟಿಯಿಲ್ಲದ ಬಾಯಿಯನ್ನು ಬೊಟ್ಟು ಮಾಡಿ ತೋರಿಸಬೇಕು. ಇದು ಗೊತ್ತಿದ್ದದ್ದು ಕೂಟದವರಿಗೆ ಮಾತ್ರ. ಹಾಗಾದರೆ ‘ಗಮನಕ್ಕೆ ತಂದವರು’ ಯಾರು?

ಓದಿನ ಕೂಟ ಎಂದರೆ ದೊಡ್ಡ ಸಂಗತಿಯೇನಲ್ಲ. ಊಟದ ಬಿಡುವಿನಲ್ಲಿ, ಹರಿದ ಹಾಸು ಹೊಲಿಯುವ ಮೂಲೆಯಲ್ಲಿ, ಹೊಲಿಯುವ ಟೇಲರಜ್ಜನ ಸುತ್ತ ಕೂತು ಏನಾದರೂ ಓದುವುದು. ಒಬ್ಬರು ಓದಿದರೆ ಉಳಿದವರು ಡಬ್ಬಿ ಬಿಚ್ಚುತ್ತಾ ಕೇಳುವುದು. ಕೇಳಿದ ಮೇಲೆ ಜಗಳ. ಜಗಳಕ್ಕಾಗಿಯೇ ಬರುವವರೂ ಇದ್ದರು.

ಜಗಳ ಯಾವಾಗಲೂ ಒಂದೇ: ಹಿಂಡುವುದೋ, ಹರವುವುದೋ?

ಪ್ರಶ್ನಕ್ಕ ಹಿಂಡುವವರ ನಾಯಕಿ. “ಬರೆದವನು ಏನು ಹೇಳ್ದ ಅನ್ನೋದು ಬಿಡಿ, ಏನು ಬಚ್ಚಿಟ್ಟ ಅನ್ನೋದು ನೋಡಿ. ಯಾರಿಗೆ ಲಾಭ ಅಂತ ಕೇಳಿ. ಬಟ್ಟೆ ಹಿಂಡಿದಾಗ್ಲೇ ಒಳಗಿನ ಕೊಳೆ ನೀರು ಬರೋದು” ಎನ್ನುವಳು. ಬಾಯ್ಲರ್ ಕಾಯುವ ಬಾಯ್ಲರಣ್ಣನೂ ಅವಳ ಕಡೆಯೇ. ಆದರೆ ಆತ ಯಾವ ಪುಸ್ತಕವಾದರೂ ಕೊನೆಯ ಪುಟ ಮೊದಲು ಓದಿ, “ಸತ್ತೋಗ್ತಾನೆ ಬಿಡಿ” ಎಂದು ಎಲ್ಲರ ಊಟ ಕೆಡಿಸುತ್ತಿದ್ದ.

ಹರವುವವರ ಕಡೆ ಗಟ್ಟಿ ದನಿ ಒಂದೇ, ಪ್ರಶ್ನಕ್ಕನ ನಾದಿನಿಯದು. ಗಂಡನ ತಂಗಿ, ಒಂದೇ ಮನೆ, ಒಂದೇ ಲಾಂಡ್ರಿ. ಅವಳ ಅಡ್ಡಹೆಸರು ಗಿಣಿ. ಓದಿದ್ದನ್ನು ಕೇಳಿ ಹಾಗೆಯೇ ತನ್ನ ಮಾತಿನಲ್ಲಿ ತಿರುಗಿ ಹೇಳುವುದು ಅವಳ ಓದು. “ಮೊದಲು ಹರವಿ ನೋಡೋಣ ಅತ್ತಿಗೆ. ಎಲ್ಲೆಲ್ಲಿ ಏನೇನಿದೆ ಅಂತ. ಬರೆದವನು ಕೂತು ಕೇಳ್ತಿದ್ರೆ ‘ಹೌದು, ನಾನು ಹೇಳಿದ್ದು ಇದೇ’ ಅನ್ನಬೇಕು, ಹಂಗೆ ಹೇಳೋಕಾಗ್ಬೇಕು. ಆಮೇಲೆ ಬೇಕಾದಷ್ಟು ಹಿಂಡು.”

“ಗಿಣಿ ಪಾಠ ಒಪ್ಪಿಸ್ತಾ ಇದೆ, ಯಾರಾದ್ರೂ ಹಣ್ಣು ಕೊಡ್ರೋ” ಎನ್ನುವನು ಬಾಯ್ಲರಣ್ಣ.

ಎರಡರಲ್ಲಿ ಯಾವುದು ಮೇಲು ಎಂದು ಒಮ್ಮೆ ಪಂಥವೇ ನಡೆಯಿತು. ಬಂಗಲೆ ಕಾಯುವ ಕಾವಲುಗಾರನೊಬ್ಬನ ಕತೆ. ಯಜಮಾನ ಅವನ ನಿಷ್ಠೆಯನ್ನು ಹೊಗಳುತ್ತಾನೆ, ಅವನು ಹಿಗ್ಗುತ್ತಾನೆ, ಮುದುಕನಾಗುತ್ತಾನೆ. ಹಿಂಡುವವರು ಹಿಂಡಿದ್ದೇ ಹಿಂಡಿದ್ದು: ಅವನ ಹೆಂಡತಿಯ ಸುದ್ದಿ ಯಾಕಿಲ್ಲ, ಸಂಬಳದ ಸುದ್ದಿ ಯಾಕಿಲ್ಲ, ಹೊಗಳಿಕೆ ಯಾರ ಬಾಯಲ್ಲಿದೆ? ಎಲ್ಲ ಸರಿಯಾದ ಪ್ರಶ್ನೆಗಳೇ. ಕೊನೆಗೆ ಗಿಣಿ ಎದ್ದು ಕತೆಯನ್ನು ಮೊದಲಿಂದ ಹೇಳಿದಳು. ಹೇಳುತ್ತಾ ಹೇಳುತ್ತಾ ತಾನೇ ಬೆಚ್ಚಿದಂತೆ ನಿಂತು, “ಗೇಟಿನ ಹತ್ರ ಒಂದು ಕುರ್ಚಿ ಇದೆ. ಪ್ರತಿ ಪುಟದಲ್ಲೂ ಬರುತ್ತೆ. ಅವನು ಒಂದ್ಸಲಾನೂ ಕೂರಲ್ಲ” ಎಂದಳು. ಯಾರೂ ಕುರ್ಚಿಯನ್ನು ನೋಡಿರಲಿಲ್ಲ. ಇಲ್ಲದ್ದನ್ನು ಹುಡುಕುವ ಗಡಿಬಿಡಿಯಲ್ಲಿ ಇದ್ದದ್ದು ತಪ್ಪಿಹೋಗಿತ್ತು.

ಟೇಲರಜ್ಜ ದಾರ ಕಚ್ಚಿ ಕಡಿದು, “ಹರವದೆ ಹಿಂಡಿದ್ರೆ ಬಟ್ಟೆ ಹರಿಯುತ್ತೆ. ಇನ್ಮೇಲೆ ಈ ಕೂಟದ ಕಾನೂನು: ಮೊದಲು ಹರವೋದು” ಎಂದು ತೀರ್ಪು ಕೊಟ್ಟ. ಪ್ರಶ್ನಕ್ಕ ನಕ್ಕಳು, ಒಪ್ಪಲಿಲ್ಲ. ಹೊಟ್ಟೆಯಲ್ಲಿ ಸಣ್ಣದೊಂದು ಮುಳ್ಳು ಉಳಿಯಿತು.

ನೋಟಿಸು ಅಂಟಿಸಿದ ದಿನ ಆ ಕಾನೂನು ಯಾರಿಗೂ ನೆನಪಾಗಲಿಲ್ಲ. ಗಿಣಿ ಅವತ್ತು ಕೂಟದಲ್ಲಿರಲಿಲ್ಲ. ಕಲೆ ತೆಗೆಯುವ ಮೇಜಿನಲ್ಲಿ ಘಾಟು ಔಷಧಿಗಳ ನಡುವೆ ಇದ್ದವಳನ್ನು ಎರಡು ದಿನದ ಹಿಂದೆ ಮುಂದಿನ ಕೌಂಟರಿಗೆ ಹಾಕಿದ್ದರು. ಅಲ್ಲಿ ಕುರ್ಚಿ, ಫ್ಯಾನು, ಒಣ ನೆಲ.

“ನಿಷ್ಠೆ ಮರೆಯೋದಿಲ್ಲ ಅಂದ್ರೆ ಏನು? ಏನೋ ಕೊಟ್ಟಿದ್ದಾರೆ ಅಂತ ತಾನೆ?” ಪ್ರಶ್ನಕ್ಕ ಸಾಲನ್ನು ಹಿಂಡಿದಳು. “ಯಾರಿಗೆ ಏನು ಕೊಟ್ರು ಈ ವಾರ?”

ಬಾಯ್ಲರಣ್ಣ ಡಬ್ಬಿಯ ಮುಚ್ಚಳ ತಿರುಗಿಸುತ್ತಾ, “ಒಂದು ಕುರ್ಚಿ ಕೊಟ್ರಪ್ಪ. ಫ್ಯಾನಿನ ಕೆಳಗೆ” ಎಂದ.

ಟೇಲರಜ್ಜ ತಲೆಯೆತ್ತಿದ. “ನಾಲಿಗೆ ಬಿಗಿ ಹಿಡಿ.”

“ನಾನೆಲ್ಲಿ ಹೆಸರು ಹೇಳ್ದೆ ಅಜ್ಜ? ಕುರ್ಚಿ ಅಂದೆ.”

ಪ್ರಶ್ನಕ್ಕ ಒಳಗೊಳಗೇ ಕುದಿದಳು. ಬೇರೆ ಯಾರ ಹೆಸರಾಗಿದ್ದರೂ ಅವಳೇ ಮೊದಲು ಕೂಗುತ್ತಿದ್ದಳು. ಮನೆಯವಳಾದ್ದರಿಂದ ಸುಮ್ಮನಾದಳು. ಮನೆಯವಳಾದ್ದರಿಂದಲೇ ಎರಡರಷ್ಟು ಉರಿಯಿತು.

ಆ ಸಂಜೆ ಗಿಣಿ ಮನೆಗೆ ತಡವಾಗಿ ಬಂದಳು. ಹಿಂದಿನ ಸಂಜೆಯೂ ತಡ. ಪ್ರಶ್ನಕ್ಕ ಬಾಗಿಲಲ್ಲೇ ನಿಂತು ಅವಳನ್ನು ಅಡಿಯಿಂದ ಮುಡಿಯವರೆಗೆ ಓದಿದಳು. ಚಪ್ಪಲಿಯ ಅಂಚಿಗೆ ಬಿಳಿ ಮಣ್ಣು. ಸೆರಗಿನಲ್ಲಿ ಮುಲಾಮಿನ ವಾಸನೆ. ತಲೆನೋವಿನ ಮುಲಾಮು ಯಾರ ಹಣೆಯ ಮೇಲಿರುತ್ತದೆ? ಸೂಪರ್‌ವೈಸರನ ಹಣೆಯ ಮೇಲೆ! ಆತ ಕ್ಯಾಬಿನ್ನಿನಲ್ಲಿ ಕೂತು ದಿನವಿಡೀ ಹಣೆ ಉಜ್ಜಿಕೊಳ್ಳುವುದು ಲಾಂಡ್ರಿಗೆಲ್ಲ ಗೊತ್ತು.

“ಎಲ್ಲಿಗೆ ಹೋಗಿದ್ದೆ?”

“ಇಲ್ಲೇ ಅತ್ತಿಗೆ.”

“ಇಲ್ಲೇ ಅಂದ್ರೆ ಎಲ್ಲಿ?”

“ಹೇಳೋಕೆ ಆ ಮಾತು ನಂದಲ್ಲ.”

ಊಟಕ್ಕೆ ಕೂತಿದ್ದ ಗಂಡ, “ಪೊಲೀಸ್ ಠಾಣೆ ಮುಚ್ಚೋದು ಎಷ್ಟು ಹೊತ್ತಿಗೆ? ಪಲ್ಯ ಬಡಿಸೋರು ಯಾರಾದ್ರೂ ಇದ್ದಾರಾ?” ಎಂದ. ಯಾರೂ ನಗಲಿಲ್ಲ.

“ಕೌಂಟರಿಗೆ ನಿನ್ನನ್ನೇ ಯಾಕೆ ಹಾಕಿದ್ರು?” ಪ್ರಶ್ನಕ್ಕ ಬಿಡಲಿಲ್ಲ.

“ಅಲ್ಲಿದ್ದವಳು ಹೆರಿಗೆಗೆ ಹೋದಳು. ಗಿರಾಕಿಗಳ ದೂರು ಕೇಳಿ ಒಳಗೆ ಬಂದು ಹೇಳೋರು ಬೇಕಿತ್ತು. ನಾನು ಕೇಳಿದ್ದನ್ನ ಕೇಳಿದ ಹಂಗೆ ಹೇಳ್ತೀನಿ ಅಂತ ಹಾಕಿದ್ರು.”

ಕೇಳಿದ್ದನ್ನ ಕೇಳಿದ ಹಂಗೆ ಹೇಳ್ತೀನಿ! ಪ್ರಶ್ನಕ್ಕನ ಕಿವಿಗೆ ಅದು ತಪ್ಪೊಪ್ಪಿಗೆಯಾಗಿಯೇ ಬಿತ್ತು. ಕಾಮಾಲೆ ಕಣ್ಣಿಗೆ ಹಾಲೂ ಹಳದಿ. ರಾತ್ರಿಯ ಪಾತ್ರೆ ತೊಳೆಯುವಾಗ ಗಿಣಿ ಎಂದಿನಂತೆ ಪಕ್ಕಕ್ಕೆ ಬಂದು ಒರೆಸಲು ನಿಂತರೆ, ಪ್ರಶ್ನಕ್ಕ ಅವಳ ಕೈಯಿಂದ ಬಟ್ಟೆ ಕಿತ್ತುಕೊಂಡಳು. ಹುಡುಗಿ ಒಂದು ಗಳಿಗೆ ನಿಂತು ಒಳಗೆ ಹೋದಳು. ಅವಳು ಏನನ್ನೂ ಕೇಳದೆ ಹೋದದ್ದೂ ಪ್ರಶ್ನಕ್ಕನ ಲೆಕ್ಕದಲ್ಲಿ ಅವಳ ವಿರುದ್ಧವೇ ಜಮೆಯಾಯಿತು.

ಶನಿವಾರ ಬೆಳಗ್ಗೆ ಇನ್ನು ತಡೆಯಲಾಗಲಿಲ್ಲ. ಒಣಗಿದ ಹಾಸಿನ ಗಾಡಿ ತಳ್ಳಿಕೊಂಡು ಬರುವ ನೆಪದಲ್ಲಿ ಮುಂದಿನ ಕೌಂಟರಿಗೇ ಬಂದು ನಿಂತಳು. ಗಿರಾಕಿಗಳಿರಲಿಲ್ಲ. ಕುರ್ಚಿ ಗೋಡೆಗೆ ಒರಗಿತ್ತು. ಗಿಣಿ ನಿಂತುಕೊಂಡೇ ಹೋಟೆಲಿನ ಹೊದಿಕೆಗಳಿಗೆ ಗುರುತಿನ ಚೀಟಿ ಕಟ್ಟುತ್ತಿದ್ದಳು.

“ಒಂದೇ ಮಾತು ಕೇಳ್ತೀನಿ, ಹೌದು ಇಲ್ಲ ಅಂತ ಹೇಳು.”

“ಅತ್ತಿಗೆ, ಇಲ್ಲಿ ಬೇಡ. ಊಟದ ಹೊತ್ತಲ್ಲಿ...”

“ಊಟದ ಹೊತ್ತಲ್ಲಿ ಅವನ ಜೊತೆ ಮಾತಾಡ್ಕೊಂಡು ಬರ್ತೀಯಾ? ಹಾಡಕ್ಕನ ಕೈ ಮರೆತೋಯ್ತಾ ನಿಂಗೆ?”

“ಮೆಲ್ಲಗೆ...”

“ಯಾಕೆ ಮೆಲ್ಲಗೆ? ಸೋಮವಾರ ಆಸ್ಪತ್ರೆಯವರ ಮುಂದೆ ರೋಲರ್ ನಿಲ್ಲಿಸ್ತೀವಿ ಅಂತ ಹೇಳಿದ್ದು ನೀನೇ ತಾನೆ? ಒಂದು ಕುರ್ಚಿಗೆ ಹೇಳಿಬಿಟ್ಯಾ?”

ಗಿಣಿಯ ಮುಖ ಬಿಳಿಚಿಕೊಂಡಿತು. ಅವಳ ಕಣ್ಣು ಅತ್ತಿಗೆಯ ಮೇಲಿರಲಿಲ್ಲ. ಕೌಂಟರಿನ ಹಿಂದಿನ ತೆಳು ಹಲಗೆಯ ಗೋಡೆಯ ಮೇಲಿತ್ತು. ಹಲಗೆಯ ಆಚೆ ಎಲ್ಲೋ ಒಂದು ಕುರ್ಚಿ ಕಿರ್ರೆಂದಿತು. ಪ್ರಶ್ನಕ್ಕ ಆ ಬಿಳಿಚಿದ ಮುಖವನ್ನಷ್ಟೇ ಓದಿದಳು. ಸಿಕ್ಕಿಬಿದ್ದಳು ಎಂದುಕೊಂಡಳು. ಗಾಡಿಯನ್ನು ಗೋಡೆಗೆ ಢೀ ಕೊಡಿಸಿ ಒಳಗೆ ನಡೆದಳು.

ಬೆಳಗಿನ ಚಹಾದ ಹೊತ್ತು ಮುಗಿದ ಸ್ವಲ್ಪದರಲ್ಲೇ ಫಿಟ್ಟರ್ ಬಂದ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ತಡೆಪಟ್ಟಿಯನ್ನು ಎತ್ತಿ, ಒರೆಸಿ, ರೋಲರಿನ ಬಾಯಿಗೆ ಕೂರಿಸತೊಡಗಿದ. ಸೂಪರ್‌ವೈಸರ್ ದೂರದಲ್ಲಿ ನಿಂತು ಹಣೆ ಉಜ್ಜಿಕೊಳ್ಳುತ್ತಿದ್ದ.

“ಗೆದ್ವಿ!” ಎಂದು ಮಡಿಚುವ ಮೇಜಿನ ಕಡೆಯಿಂದ ಯಾರೋ ಕೂಗಿದರು. ಚಪ್ಪಾಳೆಯೂ ಬಿತ್ತು.

ಪ್ರಶ್ನಕ್ಕನಿಗೆ ಮಾತ್ರ ಮೈ ಉರಿಯಿತು. “ಗೆದ್ದಿದ್ದಲ್ಲ, ಮಾರಿದ್ದು. ಸೋಮವಾರದ ಸುದ್ದಿ ಹೋಗಿದೆ. ಇಲ್ಲದಿದ್ರೆ ಇವತ್ತೇ ಯಾಕೆ ನೆನಪಾಯ್ತು ಪಟ್ಟಿ?” ಎಂದು ಬಾಯ್ಲರಣ್ಣನ ಕಿವಿಯಲ್ಲಿ ಹೇಳಿದಳು. “ಇವತ್ತು ಕೂಟದಲ್ಲಿ ಇತ್ಯರ್ಥ ಆಗ್ಲೇಬೇಕು. ನಮ್ಮನೆಯವಳು ಅಂತ ನೋಡಲ್ಲ ನಾನು.”

ಊಟದ ಬಿಡುವಿಗೆ ಗಿಣಿಯನ್ನು ಕರೆಸಿದರು. ಹೊಲಿಯುವ ಮೂಲೆಯಲ್ಲಿ ಯಾರೂ ಡಬ್ಬಿ ಬಿಚ್ಚಲಿಲ್ಲ. ಪ್ರಶ್ನಕ್ಕ ಎದ್ದು ನಿಂತು ಒಂದೊಂದಾಗಿ ಇಟ್ಟಳು: ಕೌಂಟರು, ಕುರ್ಚಿ, ತಡವಾಗುವ ಸಂಜೆ, ಮುಲಾಮು, ಹೇಳದ ಮಾತು. ಎಲ್ಲಿಯೂ ಸುಳ್ಳಿಲ್ಲ. ಎಲ್ಲ ಎಳೆಗಳೂ ಹುರಿಗೊಂಡು ಹಗ್ಗವೇ ಆಗಿತ್ತು, ಕುತ್ತಿಗೆಯೊಂದು ಸಿಕ್ಕಿದರೆ ಸಾಕು.

“ಏನಮ್ಮಾ, ಏನು ಹೇಳ್ತೀಯ?” ಎಂದ ಟೇಲರಜ್ಜ.

“ನನ್ನ ವಿಷಯ ಏನೂ ಹೇಳಲ್ಲ ಅಜ್ಜ. ಆ ನೋಟಿಸನ್ನ ಯಾರಾದ್ರೂ ಹರವಿದ್ರಾ?”

“ಎಲ್ಲಾ ಓದಿದ್ದೀವಿ” ಎಂದ ಬಾಯ್ಲರಣ್ಣ.

“ಓದಿದ್ದು ಕೇಳಿಲ್ಲ. ಹರವಿದ್ರಾ ಅಂತ ಕೇಳ್ದೆ.”

ಗಿಣಿ ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಿಚುತ್ತಾ ಹೋದಳು. “ನಾನು ಹರವ್ತೀನಿ. ಕೆಲವರು ಏನೋ ಮಾತಾಡ್ತಿದ್ದಾರೆ. ಯಾರು ಅಂತ ಇಲ್ಲ. ಕೆಲಸಕ್ಕೆ ಅಡ್ಡಿ. ಯಾವ ಕೆಲಸ ಅಂತ ಇಲ್ಲ. ಗಮನಕ್ಕೆ ತಂದವರಿದ್ದಾರೆ, ಅವರನ್ನ ಮರೆಯಲ್ಲ. ಉಳಿದವರು ಹುಷಾರು. ಅಷ್ಟೇ. ಬರೆದೋನು ಇಲ್ಲಿದ್ದಿದ್ರೆ ‘ಹೌದು, ಇಷ್ಟೇ’ ಅಂತಿದ್ದ.”

“ಇಷ್ಟೇ ಹೆಂಗಾಗುತ್ತೆ?” ಪ್ರಶ್ನಕ್ಕ ಕೆರಳಿದಳು. “ಸೋಮವಾರ ಯಂತ್ರ ನಿಲ್ಲಿಸೋ ವಿಷಯ ಬರೆದಿದೆಯಲ್ಲ!”

“ಎಲ್ಲಿ ಅತ್ತಿಗೆ?”

“ಅದರಲ್ಲೇ! ರೋಲರ್ ಅಂತಾನೇ...” ಎಂದು ಬಾಯ್ಲರಣ್ಣನೂ ದನಿಗೂಡಿಸಿದ.

ಟೇಲರಜ್ಜ ಎದ್ದ. ಅವನ ಹಿಂದೆ ಎಲ್ಲರೂ ತೊಟ್ಟಿಯ ಪಕ್ಕದ ಗೋಡೆಯ ಬಳಿಗೆ ಹೋದರು. ಕಾಗದ ಬೆವರಿನಲ್ಲಿ ನೆನೆದು ಉಬ್ಬಿತ್ತು, ಅಕ್ಷರಗಳು ಮಾತ್ರ ಗಟ್ಟಿಯಾಗಿದ್ದವು. ಅಜ್ಜ ಬೆರಳಿಟ್ಟು, ಸೂಜಿ ಪೋಣಿಸುವವನ ನಿಧಾನದಲ್ಲಿ ಗಟ್ಟಿಯಾಗಿ ಓದಿದ. ಸೋಮವಾರ ಇರಲಿಲ್ಲ. ರೋಲರ್ ಇರಲಿಲ್ಲ. ಯಂತ್ರ ಎಂಬ ಪದವೇ ಇರಲಿಲ್ಲ.

ಪ್ರಶ್ನಕ್ಕ ಇನ್ನೊಮ್ಮೆ ಓದಿದಳು. ತಾನೇ ಕಣ್ಣಾರೆ ಕಂಡಿದ್ದ ಪದಗಳು! ಒಂದು ಹಗಲು ಒಂದು ರಾತ್ರಿ ಈ ಕಾಗದವನ್ನು ಹಿಂಡಿ ಹಿಂಡಿ ತೆಗೆದ ನೀರೆಲ್ಲ ತನ್ನದೇ ಕೈಯ ಬೆವರಾಗಿತ್ತು.

“ಅವನಿಗೆ ಏನೂ ಗೊತ್ತಿರಲಿಲ್ಲ” ಎಂದ ಟೇಲರಜ್ಜ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. “ಹಾಡಕ್ಕನ ಕೈ ಹೋದ ಮೇಲೆ ನಾವು ಏನಾದ್ರೂ ಮಾತಾಡೇ ಆಡ್ತೀವಿ ಅಂತ ಯಾವ ದಡ್ಡನಿಗಾದ್ರೂ ಗೊತ್ತಾಗುತ್ತೆ. ಕತ್ತಲಲ್ಲಿ ಒಂದು ಕಲ್ಲು ಬೀಸಿದ್ದಾನೆ. ಯಾವ ನಾಯಿ ಕುಂಯ್ ಅನ್ನುತ್ತೆ ಅಂತ ನೋಡೋಕೆ.”

“ಆದ್ರೆ ಪಟ್ಟಿ?” ಎಂದ ಬಾಯ್ಲರಣ್ಣ. “ಗೊತ್ತಿಲ್ಲದೆ ಇವತ್ತು ಪಟ್ಟಿ ಯಾಕೆ ಬಂತು? ಯಾರೋ ಹೇಳ್ಲೇಬೇಕಲ್ಲ?”

ಎಲ್ಲರೂ ಮತ್ತೆ ಗಿಣಿಯನ್ನು ನೋಡಿದರು. ಗಿಣಿ ನೆಲ ನೋಡಿದಳು. ಬೆಳಗ್ಗೆ ಕೌಂಟರಿನ ಮುಂದೆ ಯಾರು ಕೂಗಾಡಿದರೆಂದು ಅವಳು ಹೇಳಬಹುದಿತ್ತು. ಕೇಳಿದ್ದನ್ನು ಕೇಳಿದ ಹಾಗೆ ಹೇಳುವ ಹುಡುಗಿ, ಅದೊಂದನ್ನು ನುಂಗಿಕೊಂಡು ನಿಂತಳು.

ಆಗ ಪ್ರಶ್ನಕ್ಕನ ಕಿವಿಯಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಬೆಳಗ್ಗೆ ಕೇಳಿದ್ದು, ಆದರೆ ಈಗ ಮೊದಲ ಸಲ ಕೇಳಿದ್ದು. ಕೌಂಟರಿನ ಹಿಂದೆ ತೆಳು ಹಲಗೆ. ಹಲಗೆಯ ಹಿಂದೆ ಕ್ಯಾಬಿನ್. ಮತ್ತೊಮ್ಮೆ ಪ್ರತಿ ಪುಟದಲ್ಲೂ ಇದ್ದ ಕುರ್ಚಿಯನ್ನು ಅವಳು ಬಿಟ್ಟು ಓದಿದ್ದಳು.

“ಹೇಳಿದ್ದು ನಾನು” ಎಂದಳು.

“ಏನು?”

“ಸೋಮವಾರ, ಆಸ್ಪತ್ರೆಯವರು, ರೋಲರ್. ಎಲ್ಲಾ ನಾನೇ ಹೇಳಿದ್ದು. ಇವತ್ತು ಬೆಳಗ್ಗೆ. ಅವನ ಹಲಗೆ ಮುಂದೆ ನಿಂತು, ಇವಳನ್ನ ಬಯ್ಯೋ ಭರದಲ್ಲಿ. ಅವನು ಎದ್ದು ಬಂದು ಕೇಳೋ ಕಷ್ಟಾನೂ ಕೊಡಲಿಲ್ಲ ನಾನು.”

ಬಾಯ್ಲರಣ್ಣನ ಬಾಯಿಗೂ ಕೊನೆಯ ಪುಟ ಸಿಗಲಿಲ್ಲ. “ಕೂಟದಿಂದ ಹಾಕೋದಾದ್ರೆ ನನ್ನ ಹಾಕಿ” ಎಂದಳು ಪ್ರಶ್ನಕ್ಕ.

“ಹಾಕೋದು ಬಿಡೋದು ಆಮೇಲೆ” ಟೇಲರಜ್ಜ ಗದರಿದ. “ಹಿಂಗೇ ಒಬ್ಬರನ್ನೊಬ್ಬರು ಹಾಕ್ಕೊಂಡು ಕೂತಿರ್ಲಿ ಅಂತಾನೇ ಆ ಕಾಗದ ಅಂಟಿಸಿದ್ದು. ಈಗ ಪಟ್ಟಿ ನೋಡೋಣ ನಡೀರಿ. ಗಿಣೀ, ನೀನು ಮೊದಲು.”

ರೋಲರಿನ ಬಾಯಿಯ ಮುಂದೆ ಎಲ್ಲರೂ ನೆರೆದರು. ಗಿಣಿ ಬಗ್ಗಿ, ಎಡದಿಂದ ಬಲಕ್ಕೆ ಕಣ್ಣು ಹಾಯಿಸಿದಳು. “ಪಟ್ಟಿ ಇದೆ. ಒರೆಸಿದ್ದಾರೆ, ಹೊಳೀತಿದೆ. ಎರಡು ತುದೀಲೂ ತಂತಿ ಸುತ್ತಿದೆ. ಬೋಲ್ಟಿನ ತೂತು ಖಾಲಿ. ಯಂತ್ರಾನ ನಿಲ್ಲಿಸೋ ವೈರು...” ಅವಳು ಇನ್ನಷ್ಟು ಬಗ್ಗಿದಳು. “ವೈರು ಜೋಡಿಸಿಲ್ಲ. ಹಿಂದಕ್ಕೆ ಮಡಿಚಿಟ್ಟಿದ್ದಾರೆ.”

ಹರವಿ ಮುಗಿದಿತ್ತು. ಅವಳು ಪಕ್ಕಕ್ಕೆ ಸರಿದು, ಕಣ್ಣೆತ್ತದೆ, “ಇನ್ನು ಹಿಂಡು” ಎಂದಳು.

ಪ್ರಶ್ನಕ್ಕನಿಗೆ ಹಿಂಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಈ ಸಲ ಕೈಯಲ್ಲಿ ಬಟ್ಟೆ ಇತ್ತು. “ಬೆರಳಿಗಲ್ಲ ಇದು, ಕಣ್ಣಿಗೆ. ಸೋಮವಾರ ನೋಡೋಕೆ ಬರೋರ ಕಣ್ಣಿಗೆ. ಮಂಗಳವಾರ ತಂತಿ ಬಿಚ್ಚಿದ್ರೆ ಆಯ್ತು.”

ಬಿಡುವು ಮುಗಿದ ಗಂಟೆ ಹೊಡೆಯಿತು. ರೋಲರ್ ಗುಡುಗಿ ತಿರುಗತೊಡಗಿತು. ಒದ್ದೆ ಹಾಸಿನ ಮೊದಲ ಅಂಚನ್ನು ಪ್ರಶ್ನಕ್ಕ ಕೈಗೆತ್ತಿಕೊಂಡಳು, ನೋಡಿದಳು, ಕೆಳಗೆ ಬಿಟ್ಟಳು. ಆಮೇಲೆ ಪಕ್ಕದಲ್ಲಿ ನೇತಾಡುತ್ತಿದ್ದ ಕೆಂಪು ಹಗ್ಗವನ್ನು ಎಳೆದಳು. ಉರುಳೆಗಳು ನರಳಿ ನಿಂತವು. ಸೋಮವಾರಕ್ಕೆ ಕಾಯುವ ಮಾತು ಯಾರೂ ಆಡಲಿಲ್ಲ. ಮಡಿಚುವ ಮೇಜಿನವರು ಕೈ ಕಟ್ಟಿದರು. ಬಾಯ್ಲರಣ್ಣ ಒಲೆಯ ಬಾಗಿಲು ಮುಚ್ಚಿ ಅದಕ್ಕೇ ಬೆನ್ನು ಕೊಟ್ಟು ನಿಂತ.

ಸೂಪರ್‌ವೈಸರ್ ಓಡಿಬಂದ. “ಯಾರು ನಿಲ್ಲಿಸಿದ್ದು?”

“ಗಮನಕ್ಕೆ ತರ್ತಿದ್ದೀನಿ ಸಾರ್, ನಾನೇ” ಎಂದಳು ಪ್ರಶ್ನಕ್ಕ. “ಬೋಲ್ಟ್ ಹಾಕ್ಸಿ, ವೈರ್ ಜೋಡಿಸಿ. ಓಡಿಸ್ತೀವಿ.”

“ಪಟ್ಟಿ ಹಾಕ್ಸಿದ್ದೀನಲ್ಲ! ಉಪಕಾರ ಸ್ಮರಣೆ ಬೇಡ್ವಾ ನಿಮಗೆ? ಬೋಲ್ಟ್ ಸ್ಟೋರಲ್ಲಿಲ್ಲ, ತರಿಸ್ಬೇಕು.”

ಎಲ್ಲರ ಕಣ್ಣು ಫಿಟ್ಟರನ ಮೇಲೆ ಬಿತ್ತು. ಕೂಟಕ್ಕೆ ಎಂದೂ ಬಾರದ ಮನುಷ್ಯ. ಆತ ಒಮ್ಮೆ ಸೂಪರ್‌ವೈಸರನನ್ನು, ಒಮ್ಮೆ ಸುಮ್ಮನೆ ನಿಂತ ರೋಲರನ್ನು ನೋಡಿ, ಜೇಬಿಗೆ ಕೈ ಹಾಕಿ, ಬೋಲ್ಟುಗಳನ್ನು ತೆಗೆದು ಮಡಿಚುವ ಮೇಜಿನ ಬಿಳಿ ಹಾಸಿನ ಮೇಲೆ ಇಟ್ಟ. “ಜೇಬಲ್ಲೇ ಇದ್ವು. ಹಾಕ್ಬೇಡ ಅಂದಿದ್ರು” ಎಂದ.

ಹೊರಗೆ ವ್ಯಾನಿನ ಹಾರನ್ ಕೇಳಿತು. ಪ್ರಶ್ನಕ್ಕನ ಗಂಡ ಆಸ್ಪತ್ರೆಯ ಹಾಸುಗಳಿಗಾಗಿ ಕಾಯುತ್ತಿದ್ದ. ಸೂಪರ್‌ವೈಸರ್ ಕ್ಯಾಬಿನ್ನಿಗೆ ಹೋಗಿ ಫೋನಿನಲ್ಲಿ ಯಾರಿಗೋ ತಲೆದೂಗುತ್ತಾ ನಿಂತದ್ದು ಗಾಜಿನಿಂದ ಕಾಣುತ್ತಿತ್ತು. ಹಾರನ್ ಮತ್ತೆ ಮತ್ತೆ ಕೇಳಿತು. ಒದ್ದೆ ಹಾಸು ಬುಟ್ಟಿಗಳಲ್ಲಿ ಬೆಟ್ಟವಾಯಿತು. ಕೊನೆಗೆ ಆತ ಬಾಗಿಲಿಗೆ ಬಂದು, ಯಾರ ಮುಖವನ್ನೂ ನೋಡದೆ, ಫಿಟ್ಟರನಿಗೆ “ಹಾಕು” ಎಂದು ಒಳಗೆ ಹೋದ.

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೋಲ್ಟು ಸೋಮವಾರ ಇರುತ್ತದೆ. ಮಂಗಳವಾರ ಇರುತ್ತದೋ ಇಲ್ಲವೋ, ಬೆಳಗ್ಗೆ ಬಂದು ಬಗ್ಗಿ ನೋಡಬೇಕು. ಬುಧವಾರವೂ ನೋಡಬೇಕು. ಅನುಮಾನ ಎಲ್ಲಿ ಬೇಕಿತ್ತೋ ಅಲ್ಲಿಗೆ ಈಗ ಬಂದು ಕೂತಿತ್ತು.

ಫಿಟ್ಟರ್ ಬೋಲ್ಟು ತಿರುಗಿಸುತ್ತಿದ್ದಾಗ ಗಿಣಿ ಕೌಂಟರಿನತ್ತ ಹೊರಟಳು. ಪ್ರಶ್ನಕ್ಕ ಹಿಂದೆಯೇ ಹೋಗಿ ಹಾಸಿನ ಬುಟ್ಟಿಗಳ ನಡುವೆ ಅವಳ ತೋಳು ಹಿಡಿದಳು. ಅಷ್ಟು ಹತ್ತಿರ ನಿಂತಾಗ ಸೆರಗಿನ ವಾಸನೆ ಮತ್ತೆ ಬಂತು. ತಲೆನೋವಿನ ಮುಲಾಮಿನ ಪುದೀನಾ ತಂಪು ಅದರಲ್ಲಿರಲಿಲ್ಲ. ಸುಟ್ಟ ಗಾಯಕ್ಕೆ ಹಚ್ಚಿ ಬಟ್ಟೆ ಸುತ್ತುವ ಔಷಧಿಯ ಎಣ್ಣೆ ಘಾಟು. ಊರ ನೀರಿನ ಟ್ಯಾಂಕಿನ ಹಿಂದೆ, ಸುಣ್ಣದ ಗೂಡಿನ ಬೀದಿಯಲ್ಲಿ, ಚಪ್ಪಲಿಗೆ ಬಿಳಿ ಮಣ್ಣು ಮೆತ್ತುವ ಆ ಬೀದಿಯಲ್ಲಿ ಯಾರ ಮನೆಯಿದೆ ಎಂದು ಪ್ರಶ್ನಕ್ಕನಿಗೆ ಹೇಳಿಕೊಡಬೇಕಾಗಿರಲಿಲ್ಲ. ಆ ಹೊಸಿಲು ತಾನು ದಾಟಿರಲಿಲ್ಲ. ಈ ಹುಡುಗಿ ದಾಟಿದ್ದಳು. ಕೂಟದಲ್ಲಿ ಓದಿದ್ದನ್ನೆಲ್ಲ ಸಂಜೆ ಅಲ್ಲಿ ಯಾರ ಹಾಸಿಗೆಯ ಪಕ್ಕ ತಿರುಗಿ ಹೇಳುತ್ತಿದ್ದಳೋ, ಆ ಹೆಸರು ಬಾಯಿಂದ ಬಿದ್ದರೆ ಔಷಧಿ ನಿಲ್ಲುತ್ತಿತ್ತು.

“ಗಿಣೀ, ನೀನು...”

ಗಿಣಿ ಥಟ್ಟನೆ ಅತ್ತಿಗೆಯ ಬಾಯಿಗೆ ಕೈ ಅಡ್ಡ ಇಟ್ಟಳು. ಹಲಗೆ ಗೋಡೆ ಇಲ್ಲಿಂದಲೂ ದೂರವಿರಲಿಲ್ಲ. ಕೈ ತೆಗೆದ ಮೇಲೆ ಅವಳ ಕಣ್ಣು ತುಂಬಿತ್ತು, ಕ್ಷಮೆಯಿಂದಲ್ಲ. “ನಿನ್ನೆಯಿಂದ ನೀನು ನನ್ನನ್ನ ಹಿಂಡಿದ್ದೀಯ ಅತ್ತಿಗೆ. ಒಂದ್ಸಲ ಹರವು. ನನ್ನ ಕತೆ ನಾನು ಹೌದು ಅನ್ನೋ ಹಂಗೆ ಹೇಳು. ಅಲ್ಲೀವರೆಗೆ ನನ್ನ ಜೊತೆ ಮಾತಾಡ್ಬೇಡ.”

ಪ್ರಶ್ನಕ್ಕ ಒಣಗಿದ ತುಟಿ ಸವರಿಕೊಂಡಳು. ಜೀವನದಲ್ಲಿ ಮೊದಲ ಸಲ ಅವಳ ಬಾಯಿಗೆ ಪ್ರಶ್ನೆ ಬರಲಿಲ್ಲ. “ನನ್ನ ನಾದಿನಿ ಸಂಜೆ ಎಲ್ಲಿಗೋ ಹೋಗ್ತಾಳೆ. ಎಲ್ಲಿಗೆ ಅಂತ ನಾನು ಕೇಳಲ್ಲ.”

“ಹ್ಞೂಂ. ಮುಂದೆ.”

“ಅವಳಿಗೆ ಕೌಂಟರಲ್ಲಿ ಒಂದು ಕುರ್ಚಿ ಕೊಟ್ರು. ನಾನು ಹೋದಾಗ ಅವಳು ಅದರಲ್ಲಿ ಕೂತಿರಲಿಲ್ಲ.”

“ಹ್ಞೂಂ.”

“ನಾನು ಅವಳನ್ನ ಎಲ್ಲರ ಮುಂದೆ ನಿಲ್ಲಿಸಿ ಬಹಳ ದೊಡ್ಡ ತಪ್ಪು ಮಾಡ್ದೆ, ನನ್ನ ಹೊಟ್ಟೇಲಿ ಈಗ ಬೆಂಕಿ...”

“ಅಲ್ಲ” ಗಿಣಿ ತಲೆಯಾಡಿಸಿದಳು. “ಅದು ನಿನ್ನ ಕತೆ. ನಂದು ಹೇಳು.”

ಆಚೆ ಕೊನೆಯ ಬೋಲ್ಟು ಬಿಗಿದು ಫಿಟ್ಟರ್ ಕೈ ಎತ್ತಿದ. ಬಾಯ್ಲರಣ್ಣ “ಪ್ರಶ್ನಕ್ಕಾ, ಓಡಿಸೋಣ್ವಾ?” ಎಂದು ಕೂಗಿದ. ಅವಳು ತಿರುಗಲಿಲ್ಲ.

“ಮೊದಲಿಂದ ಹೇಳು” ಎಂದಳು ಗಿಣಿ.